ಕೋಚ್ ಬಿಟ್ಟುಹೋದ ಮೇಲೆ: ನೋಟರ್ ಡೇಮ್ ಜಗಳದ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಅಮೆರಿಕದ ಸೌತ್ ಬೆಂಡ್‌ಗೆ ಹೋದ ಮೇಲೆ ನೀನು ಕೇಳಿದ ಮೊದಲ ಪ್ರಶ್ನೆಯೇ ದೊಡ್ಡದು. ಅಲ್ಲಿನ ನೋಟರ್ ಡೇಮ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡವನ್ನು ಹೆಡ್ ಕೋಚ್ ಬ್ರಯನ್ ಕೆಲ್ಲಿ ಬಿಟ್ಟುಹೋದದ್ದು 2021ರಲ್ಲಿ. ಅದು ಸರಿಯೋ ತಪ್ಪೋ, ಹೆಡ್ ಕೋಚ್ ಆಗಿ ಒಂದು ಪಂದ್ಯವನ್ನೂ ಆಡಿಸದ ಮಾರ್ಕಸ್ ಫ್ರೀಮನ್‌ಗೆ ಆ ಜಾಗ ಕೊಟ್ಟಿದ್ದು ಸರಿಯೋ ತಪ್ಪೋ ಅಂತ ಅಲ್ಲಿನವರು ಇನ್ನೂ ಯಾಕೆ ವಾದ ಮಾಡುತ್ತಾರೆ ಅಂತ ಕೇಳಿದ್ದೀಯ. ವಾದ ಮಾಡಲೇಬೇಕಾದ ವಿಷಯ ಅದು. ಆದರೆ ಬಹಳಷ್ಟು ಜನ ತಪ್ಪು ಅಂಕಿ ಹಿಡಿದುಕೊಂಡು ವಾದ ಮಾಡುತ್ತಾರೆ ಅನ್ನುವುದು ನನ್ನ ಅಭಿಪ್ರಾಯ.

ಮೊದಲು ಒಂದು ಮಾತು. ಅಮೆರಿಕದ ಕಾಲೇಜು ಫುಟ್‌ಬಾಲ್ ಕೋಚ್ ಅಂದರೆ ನಮ್ಮ ಕ್ರಿಕೆಟ್ ಕೋಚ್ ಅಲ್ಲ. ಆಯ್ಕೆ ಸಮಿತಿ, ನಾಯಕ, ತರಬೇತುದಾರ ಮೂರೂ ಅವನೇ. ಹೈಸ್ಕೂಲ್ ಹುಡುಗರ ಮನೆಗೆ ಹೋಗಿ ತಂದೆತಾಯಿಯನ್ನು ಒಪ್ಪಿಸುವವನೂ ಅವನೇ. ಆಗಿನ ನಿಯಮದಲ್ಲಿ 85 ಸ್ಕಾಲರ್‌ಶಿಪ್ ಆಟಗಾರರು, ಹತ್ತು ಸಹಾಯಕ ಕೋಚ್‌ಗಳು ಅವನ ಕೈಕೆಳಗೆ. ಅವನು ಎದ್ದುಹೋದರೆ ಇಡೀ ಮನೆ ಅಲುಗಾಡುತ್ತದೆ.

ಕೆಲ್ಲಿ ಹೋದ ಹೊತ್ತೇ ಜನರ ಸಿಟ್ಟಿಗೆ ಮೂಲ. ನವೆಂಬರ್ ಕೊನೆ, ತಂಡ 11-1 (ಅಂದರೆ 11 ಗೆಲುವು, 1 ಸೋಲು), ಪ್ಲೇಆಫ್, ಅಂದರೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ನಾಕೌಟ್ ಸುತ್ತಿನ ಬಾಗಿಲು ಇನ್ನೂ ಮುಚ್ಚಿರಲಿಲ್ಲ. ಸುದ್ದಿ ಹೊರಬಿದ್ದ ಮರುದಿನ ಬೆಳಗ್ಗೆ 7 ಗಂಟೆಗೆ ಆಟಗಾರರನ್ನು ಸೇರಿಸಿ ಕೆಲವೇ ನಿಮಿಷದಲ್ಲಿ ವಿದಾಯ ಹೇಳಿ ಎಲ್‌ಎಸ್‌ಯುಗೆ (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ) ಹೊರಟ. ಒಪ್ಪಂದ 10 ವರ್ಷಕ್ಕೆ 95 ಮಿಲಿಯನ್ ಡಾಲರ್. ದುಡ್ಡಿನ ಆಸೆ ಅಂತ ಬೈಯುವುದು ಸುಲಭ. ಆದರೆ ಆ ತಾರೀಖಿಗೆ ಒಂದು ಕಾರಣವಿತ್ತು. ಹೈಸ್ಕೂಲ್ ಹುಡುಗರು ಯಾವ ಕಾಲೇಜಿಗೆ ಆಡುತ್ತೇವೆ ಅಂತ ಸಹಿ ಹಾಕುವ ದಿನ ಆ ವರ್ಷ ಡಿಸೆಂಬರ್ 15. ಹೊಸ ಕಾಲೇಜಿಗೆ ಆ ಹುಡುಗರನ್ನು ಉಳಿಸಿಕೊಳ್ಳಲು ಎರಡು ವಾರವಾದರೂ ಬೇಕು. ಋತು ಮುಗಿಯುವ ಮುಂಚೆ ಕೋಚ್‌ಗಳನ್ನು ಎಳೆದುಕೊಳ್ಳುವ ಈ ಕೆಟ್ಟ ಚಾಳಿಯನ್ನು ಬೆಳೆಸಿದ್ದು ಆ ಕ್ಯಾಲೆಂಡರ್. ಮನುಷ್ಯನನ್ನು ದೂರುವವರು ಅದನ್ನೂ ದೂರಬೇಕು. 2016ರಲ್ಲಿ 4-8ಕ್ಕೆ ಕುಸಿದ ತಂಡವನ್ನು ಎತ್ತಿ, 2017ರಿಂದ ಸತತ ಐದು ವರ್ಷ ಹತ್ತು ಅಥವಾ ಹೆಚ್ಚು ಗೆಲುವು ತಂದುಕೊಟ್ಟವನೂ ಕೆಲ್ಲಿಯೇ. ದೊಡ್ಡ ಪಂದ್ಯದಲ್ಲಿ ಮಾತ್ರ ಪ್ರತಿ ಸಲ ಮುಗ್ಗರಿಸಿದ: 2012ರ ಋತುವಿನ ಫೈನಲ್‌ನಲ್ಲಿ ಅಲಬಾಮಾ ಎದುರು 42-14, 2018ರ ಸೆಮಿಫೈನಲ್‌ನಲ್ಲಿ ಕ್ಲೆಮ್ಸನ್ ಎದುರು 30-3, 2020ರದ್ದರಲ್ಲಿ ಮತ್ತೆ ಅಲಬಾಮಾ ಎದುರು 31-14.

ಫ್ರೀಮನ್ ಹೆಸರು ಬಂದಾಗ ಹಿರಿಯ ಅಭಿಮಾನಿಗಳಿಗೆ ನಡುಕ ಹುಟ್ಟಿದ್ದೂ ಸುಮ್ಮನೆ ಅಲ್ಲ. ಆಗ ಅವನಿಗೆ 35 ವರ್ಷ, ಅಲ್ಲಿ ಡಿಫೆನ್ಸಿವ್ ಕೋಆರ್ಡಿನೇಟರ್ (ರಕ್ಷಣೆಯ ಪಡೆಯನ್ನು ನೋಡಿಕೊಳ್ಳುವ ಸಹಾಯಕ ಕೋಚ್) ಆಗಿ ಒಂದೇ ಋತು. ಇದೇ ಕಾಲೇಜು 1981ರಲ್ಲಿ ಹೈಸ್ಕೂಲ್ ಕೋಚ್ ಗೆರಿ ಫೌಸ್ಟ್‌ನನ್ನು ತಂದಿತ್ತು. ಐದು ವರ್ಷದಲ್ಲಿ 30 ಗೆಲುವು, 26 ಸೋಲು. 1997ರಲ್ಲಿ ಡಿಫೆನ್ಸಿವ್ ಕೋಆರ್ಡಿನೇಟರ್ ಬಾಬ್ ಡೇವಿಗೆ ಬಡ್ತಿ ಕೊಟ್ಟಿತು, 35-25. 2005ರಲ್ಲಿ ಚಾರ್ಲಿ ವೈಸ್, 35-27. ಮೂವರೂ ಕಾಲೇಜು ಮಟ್ಟದಲ್ಲಿ ಮೊದಲ ಸಲ ಹೆಡ್ ಕೋಚ್ ಆದವರು. ಈ ಪಟ್ಟಿ ಓದಿದವರು ಹೆದರದೆ ಇರಲು ಸಾಧ್ಯವಿಲ್ಲ. 1918ರಲ್ಲಿ ಸಹಾಯಕನ ಹುದ್ದೆಯಿಂದಲೇ ಮೇಲೆ ಬಂದು ದಂತಕಥೆಯಾದ ಕ್ನೂಟ್ ರಾಕ್ನಿಯ ಹೆಸರನ್ನು ಇನ್ನೊಂದು ಗುಂಪು ಹೇಳುತ್ತದೆ, ಅದು ಬಿಡು, ಬಹಳ ಹಳೆಯ ಮಾತು.

ವೈಸ್‌ನ ಲೆಕ್ಕವನ್ನು ಮಾತ್ರ ಬಿಡಿಸಿ ನೋಡು. ಮೊದಲ ವರ್ಷ 9-3, ಎರಡನೆಯದು 10-3, ಮೂರನೆಯದು 3-9. ಮೊದಲೆರಡು ವರ್ಷ ಹಿಂದಿನ ಕೋಚ್ ಆರಿಸಿ ತಂದಿದ್ದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಮುಖ್ಯ ಆಟಗಾರ) ಬ್ರೇಡಿ ಕ್ವಿನ್ ಇದ್ದ. ಅವನು ವೃತ್ತಿಪರ ಆಟಕ್ಕೆ ಹೋದ, ತಂಡ ಕುಸಿಯಿತು. ಒಕ್ಲಹೋಮಾದಲ್ಲಿ 2017ರಲ್ಲಿ 33 ವರ್ಷದ ಲಿಂಕನ್ ರೈಲಿ ಮೊದಲ ವರ್ಷವೇ 12-2 ಮಾಡಿದಾಗ ಎಲ್ಲರೂ ಹೊಗಳಿದರು. ಅವನ ಕೈಗೆ ಬೇಕರ್ ಮೇಫೀಲ್ಡ್ ಸಿದ್ಧವಾಗಿ ಸಿಕ್ಕಿದ್ದ. ಹೊಸ ಕೋಚ್‌ನ ಮೊದಲ ವರ್ಷದ ಅಂಕಿ ಹೆಚ್ಚಾಗಿ ಹಳಬನು ಬಿಟ್ಟುಹೋದ ಆಸ್ತಿಯ ಅಂಕಿ. ಫ್ರೀಮನ್‌ಗೆ ಸಿಕ್ಕ ಆಸ್ತಿಯಲ್ಲಿ ದೊಡ್ಡ ತೂತಿತ್ತು. 2021ರ ಕ್ವಾರ್ಟರ್‌ಬ್ಯಾಕ್ ಜ್ಯಾಕ್ ಕೋನ್ ಒಂದು ವರ್ಷಕ್ಕೆಂದು ವಿಸ್ಕಾನ್ಸಿನ್‌ನಿಂದ ಬಂದವನು. ಅವನ ನಂತರ ಅನುಭವಿ ಯಾರೂ ಇರಲಿಲ್ಲ.

ಹಾಗಾಗಿ ಆರಂಭ ಕಹಿಯಾಗಿತ್ತು. 2021ರ ಋತುವಿನ ಕೊನೆಯ ವಿಶೇಷ ಪಂದ್ಯವಾದ ಫಿಯೆಸ್ಟಾ ಬೌಲ್‌ನಲ್ಲಿ ಒಕ್ಲಹೋಮಾ ಸ್ಟೇಟ್ ಎದುರು 28-7 ಮುಂದಿದ್ದು 37-35ಕ್ಕೆ ಸೋಲು. ಆಮೇಲೆ ಒಹಾಯೊ ಸ್ಟೇಟ್ ಎದುರು 21-10. ಆಮೇಲೆ ಮನೆಯಂಗಳದಲ್ಲೇ ಮಾರ್ಷಲ್ ಎದುರು 26-21. ಮೊದಲ ಮೂರೂ ಪಂದ್ಯ ಸೋತ ನೋಟರ್ ಡೇಮ್ ಕೋಚ್ ಅವನಿಗಿಂತ ಮುಂಚೆ ಯಾರೂ ಇರಲಿಲ್ಲ. 2022ರ ಋತು 9-4ಕ್ಕೆ ಮುಗಿಯಿತು. ಆ ಸೋಲುಗಳಲ್ಲಿ ಅನನುಭವದ ಪಾಲೆಷ್ಟು, ಕ್ವಾರ್ಟರ್‌ಬ್ಯಾಕ್ ಇಲ್ಲದ್ದರ ಪಾಲೆಷ್ಟು ಅಂತ ಬೇರ್ಪಡಿಸದೆ ಮಾತಾಡುವುದು ಅನ್ಯಾಯ.

ನಿಜವಾದ ಅನನುಭವ ಹೇಗಿರುತ್ತದೆ ಅಂತ ನೋಡಬೇಕಾದರೆ 2023ರ ಸೆಪ್ಟೆಂಬರ್ 23ರ ಒಹಾಯೊ ಸ್ಟೇಟ್ ಪಂದ್ಯದ ಕೊನೆಯ 7 ಸೆಕೆಂಡ್ ನೋಡು. ನೋಟರ್ ಡೇಮ್ 14-10 ಮುಂದಿದೆ, ಎದುರಾಳಿ ಗೋಲ್ ಗೆರೆಗೆ ಒಂದು ಯಾರ್ಡ್ ದೂರದಲ್ಲಿ. ಮೈದಾನದಲ್ಲಿ 11 ಜನ ಇರಬೇಕಾದ ಕಡೆ ಹತ್ತೇ ಜನ. ಮುಂಚೂಣಿಯ ಸಾಲಿನಲ್ಲಿ ಒಬ್ಬ ಕಡಿಮೆ. ಮೊದಲ ಎಸೆತ ತಪ್ಪಿತು, ಗಡಿಯಾರ ನಿಂತಿತು. ಮುಂದಿನ ಆಟಕ್ಕೂ ಹತ್ತೇ ಜನ. 1 ಸೆಕೆಂಡ್ ಉಳಿದಿರುವಾಗ ಚೆಂಡು ಗೆರೆ ದಾಟಿ ಟಚ್‌ಡೌನ್, 17-14 ಸೋಲು. ಟೈಮ್‌ಔಟ್ ಉಳಿದಿರಲಿಲ್ಲ, ಪೆನಾಲ್ಟಿಯ ಭಯದಿಂದ ಹನ್ನೊಂದನೆಯವನನ್ನು ಒಳಗೆ ಬಿಡಲಿಲ್ಲ ಎಂದು ಫ್ರೀಮನ್ ವಿವರಿಸಿದ. ಲೆಕ್ಕ ಹಾಕು: ಗೋಲ್ ಗೆರೆಯಿಂದ ಒಂದು ಯಾರ್ಡ್ ದೂರದಲ್ಲಿ 5 ಯಾರ್ಡ್ ದಂಡ ವಿಧಿಸಲು ಜಾಗವೇ ಇಲ್ಲ, ಉಳಿದ ದೂರದ ಅರ್ಧ, ಅಂದರೆ ಅರ್ಧ ಯಾರ್ಡ್ ಮಾತ್ರ. ಅಷ್ಟು ಅಗ್ಗದ ದಂಡವನ್ನು ಕಣ್ಣುಮುಚ್ಚಿ ತೆಗೆದುಕೊಂಡು ಹುಡುಗನನ್ನು ಒಳಗೆ ಓಡಿಸಬೇಕಿತ್ತು. ತಲೆ ಎಣಿಸುವ ಕೆಲಸ ಒಬ್ಬ ನಿರ್ದಿಷ್ಟ ಸಹಾಯಕನದ್ದು, ಅವನ ಮೇಲೆ ಇನ್ನೊಬ್ಬ, ಕೊನೆಗೆ ಹೆಡ್ ಕೋಚ್. ಈ ಸರಪಳಿ ಸಂಜೆಯ ಗದ್ದಲದಲ್ಲಿ ತುಂಡಾಗದ ಹಾಗೆ ಕಟ್ಟುವುದೇ ಅನುಭವ. ಫ್ರೀಮನ್‌ನ ಟೀಕಾಕಾರರ ಮಾತಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಇಲ್ಲ, ನಾನು ಒಪ್ಪುತ್ತೇನೆ.

ಆದರೆ ಅವನು ತನ್ನಲ್ಲಿಲ್ಲದ್ದನ್ನು ಎಲ್ಲಿಂದ ತಂದ ಅಂತಲೂ ನೋಡಬೇಕು. 2022ರಲ್ಲೇ ಡಿಫೆನ್ಸ್‌ಗೆ ಅಲ್ ಗೋಲ್ಡನ್‌ನನ್ನು ಕರೆತಂದ. ಟೆಂಪಲ್, ಮಯಾಮಿ ಎರಡು ಕಡೆ ಹೆಡ್ ಕೋಚ್ ಆಗಿದ್ದವನು ಆತ. ಆಫೆನ್ಸ್‌ಗೆ, ಅಂದರೆ ದಾಳಿಯ ಪಡೆಗೆ, 2023ರ ಕೊನೆಯಲ್ಲಿ ಮೈಕ್ ಡೆನ್‌ಬ್ರಾಕ್ ಬಂದ, ಅದೂ ಕೆಲ್ಲಿಯ ಎಲ್‌ಎಸ್‌ಯುನಿಂದಲೇ. ಕ್ವಾರ್ಟರ್‌ಬ್ಯಾಕ್ ತೂತನ್ನು ವರ್ಗಾವಣೆಯಿಂದ ಮುಚ್ಚಿದ: 2023ಕ್ಕೆ ಸ್ಯಾಮ್ ಹಾರ್ಟ್‌ಮನ್, 2024ಕ್ಕೆ ಡ್ಯೂಕ್‌ನಿಂದ ರೈಲಿ ಲೆನರ್ಡ್. ತನಗಿಂತ ಹೆಚ್ಚು ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಹಿಂಜರಿಯದ ಯುವ ಕೋಚ್‌ಗಳು ಬಹಳ ಇಲ್ಲ. ಅವನ ಬಗ್ಗೆ ನನಗೆ ಗೌರವ ಹುಟ್ಟಿಸಿದ್ದು ಇದು.

2024ರ ಸೆಪ್ಟೆಂಬರ್‌ನಲ್ಲಿ ನಾರ್ದರ್ನ್ ಇಲಿನಾಯ್ ಎದುರು ಮನೆಯಲ್ಲೇ 16-14ಕ್ಕೆ ಸೋತಾಗ ಇವನನ್ನು ಕಳಿಸಿ ಎಂಬ ಕೂಗು ಮತ್ತೆ ಎದ್ದಿತು. ಆಮೇಲೆ ಸತತ 13 ಗೆಲುವು. ಅದರಲ್ಲಿ ಜಾರ್ಜಿಯಾ ಎದುರಿನ ಶುಗರ್ ಬೌಲ್ ಅನ್ನು ನೀನು ಹುಡುಕಿ ನೋಡಲೇಬೇಕು. ಕೊನೆಯ ಕ್ವಾರ್ಟರ್, 23-10 ಮುನ್ನಡೆ, ತಮ್ಮದೇ 18 ಯಾರ್ಡ್ ಗೆರೆಯಲ್ಲಿ ನಾಲ್ಕನೇ ಡೌನ್ (ಹತ್ತು ಯಾರ್ಡ್ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಕೊನೆಯದು), ಬೇಕಾದ್ದು ಒಂದು ಯಾರ್ಡ್. ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವ ಪಂಟ್ ತಂಡ ಬಂದು ನಿಂತಿತು. ಇದ್ದಕ್ಕಿದ್ದಂತೆ ಹನ್ನೊಂದೂ ಜನ ಹೊರಗೆ ಓಡಿದರು, ಆಫೆನ್ಸ್‌ನ ಹನ್ನೊಂದು ಜನ ಒಳಗೆ ಬಂದರು. ಗೊಂದಲದಲ್ಲಿ ಜಾರ್ಜಿಯಾ ಮುಂಚೆಯೇ ಗೆರೆ ದಾಟಿ ಆಫ್‌ಸೈಡ್ ಆಯಿತು, ನೋಟರ್ ಡೇಮ್‌ಗೆ ಫಸ್ಟ್ ಡೌನ್, ಅಂದರೆ ಹೊಸದಾಗಿ ನಾಲ್ಕು ಯತ್ನ ಸಿಕ್ಕಿತು. ಹದಿನೈದು ತಿಂಗಳ ಹಿಂದೆ ಒಬ್ಬ ಹುಡುಗನನ್ನು ಒಳಗೆ ಕಳಿಸಲಾಗದ ಅದೇ ಬೆಂಚು ಇದು. ಫೈನಲ್‌ನಲ್ಲಿ ಒಹಾಯೊ ಸ್ಟೇಟ್ ಎದುರು 34-23ಕ್ಕೆ ಸೋತರೂ ಆ ಪ್ಲೇಆಫ್‌ನಲ್ಲಿ ಮೂರು ಗೆಲುವು ಬಂತು. ಕೆಲ್ಲಿಗೆ 12 ವರ್ಷದಲ್ಲಿ ಒಂದೂ ಸಿಕ್ಕಿರಲಿಲ್ಲ. ಅವನ ಕಾಲದಲ್ಲಿ ಹೆಚ್ಚೆಂದರೆ ನಾಲ್ಕೇ ತಂಡಗಳಿಗೆ ಜಾಗವಿತ್ತು, 2024ರಲ್ಲಿ 12 ಎನ್ನುವುದನ್ನೂ ಪ್ರಾಮಾಣಿಕವಾಗಿ ಸೇರಿಸಿಕೊಳ್ಳಬೇಕು. ಎಲ್‌ಎಸ್‌ಯು ಕೆಲ್ಲಿಯನ್ನು 2025ರ ಅಕ್ಟೋಬರ್‌ನಲ್ಲಿ ತೆಗೆದುಹಾಕಿತು.

ಆ ವರ್ಷವೇ ಅದೇ ಎಲ್‌ಎಸ್‌ಯು ಕುರ್ಚಿಗಾಗಿ ಕೋಚ್ ಲೇನ್ ಕಿಫಿನ್ 11-1 ಇದ್ದ ಓಲ್ ಮಿಸ್ (ಮಿಸಿಸಿಪ್ಪಿ ವಿಶ್ವವಿದ್ಯಾಲಯ) ತಂಡವನ್ನು ಬಿಟ್ಟು ಹೊರಟ, ಮತ್ತೆ ನವೆಂಬರ್ ಕೊನೆಯಲ್ಲೇ. ಅಲ್ಲೂ ಜಾಗ ತುಂಬಿದ್ದು ಹೆಡ್ ಕೋಚ್ ಆಗಿರದ ಡಿಫೆನ್ಸಿವ್ ಕೋಆರ್ಡಿನೇಟರ್ ಪೀಟ್ ಗೋಲ್ಡಿಂಗ್. ಅವನ ಮೊದಲ ಪಂದ್ಯವೇ ಪ್ಲೇಆಫ್. ನಿನ್ನ ಸಹೋದ್ಯೋಗಿಗಳು ಅದನ್ನು ಎತ್ತಿದರೆ ಆ ಪ್ಲೇಆಫ್ ಸ್ಕೋರ್ ಕೇಳಬೇಡ, ಅದು ಕಿಫಿನ್ ಕಟ್ಟಿದ ತಂಡ. 2027ರ ಕ್ವಾರ್ಟರ್‌ಬ್ಯಾಕ್ ಎಲ್ಲಿಂದ ಬರುತ್ತಾನೆ, ಆಫೆನ್ಸ್ ಯಾರ ಕೈಯಲ್ಲಿ, ಬೆಂಚಿನಲ್ಲಿ ಹಿಂದೆ ಹೆಡ್ ಕೋಚ್ ಆಗಿದ್ದವರು ಯಾರಿದ್ದಾರೆ ಅಂತ ಕೇಳು. ಅವರು ಏನು ಹೇಳಿದರು ಅಂತ ನನಗೂ ಬರೆ.

ನಿನ್ನ ಗೆಳೆಯ