ಕನ್ನಡಕದ ಆಕ್ಸಿಸ್ ಅದಲುಬದಲಾದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಎರಡೂ ಲೆನ್ಸ್ ತಪ್ಪಾಗಿ ಮಾಡಿದ್ದು, ಕೇಳಲು ಬಂದಾಗ ಅಂಗಡಿಯಲ್ಲಿ ಅವಮಾನ ಮಾಡಿದ್ದು

ಮಾನ್ಯರೇ,

ನಾಲ್ಕು ಸಲ ಫೋನ್ ಮಾಡಿದೆ. ಮೂರು ಸಲ ಮೈಸೂರಿನ ನಿಮ್ಮ ಅಂಗಡಿಗೆ ಬಂದೆ. ಪ್ರತಿ ಸಲವೂ ಒಂದೇ ಉತ್ತರ: "ಹದಿನೈದು ದಿನ ಹಾಕಿ ಮೇಡಂ, ಅಡ್ಜಸ್ಟ್ ಆಗುತ್ತೆ." ಹದಿನೈದು ದಿನ ಮೂರು ಸಲ ಮುಗಿಯಿತು. ಇನ್ನು ಬಾಯಿಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ ಅಂತ ಗೊತ್ತಾಗಿ ಬರೆಯುತ್ತಿದ್ದೇನೆ.

ನಾನು ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವಳು. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ದ ಮತ್ತು ಧ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು, ಅಷ್ಟೇ. ಆ ಸೀಳು ಕಂಡರೆ ನನಗೆ ಸಂಬಳ. ನಿಮ್ಮ ಕನ್ನಡಕ ಹಾಕಿಕೊಂಡ ಮೊದಲ ದಿನವೇ ಅದು ಅಕ್ಷರದ ಹೊಟ್ಟೆಗೆ ಅಂಟಿಕೊಂಡು ಮಸುಕಾಯಿತು. ಮೂರನೇ ವಾರ ಒಂದು ಲಗ್ನಪತ್ರಿಕೆಯಲ್ಲಿ "ವಧು-ವರರನ್ನು ಆಶೀರ್ವದಿಸಿ" ಅನ್ನುವುದು "ವದು-ವರರನ್ನು" ಅಂತ ಅಚ್ಚಾಯಿತು. 500 ಪ್ರತಿ. ಹುಡುಗಿಯ ತಂದೆ ಆ ಪತ್ರಿಕೆ ಹಿಡಿದುಕೊಂಡು ನನ್ನ ಮೇಜಿನ ಮುಂದೆ ನಿಂತಿದ್ದರು. ಬೈಯಲಿಲ್ಲ. ಆ ಒಂದು ಅಕ್ಷರದ ಮೇಲೆ ಬೆರಳಿಟ್ಟು ಸುಮ್ಮನೆ ನನ್ನ ಮುಖ ನೋಡಿದರು. ಬೈದಿದ್ದರೇ ವಾಸಿಯಿತ್ತು.

ಡಾಕ್ಟರ್ ಬರೆದುಕೊಟ್ಟ ಚೀಟಿ ನಿಮ್ಮ ಕಂಪ್ಯೂಟರಿನಲ್ಲೇ ಇದೆ. ಎರಡೂ ಕಣ್ಣಿಗೆ ಪವರ್ ಮೈನಸ್ 1, ಕಣ್ಣಿನ ಬಾಗು ಒಂದೇ ಸಮ ಇಲ್ಲದ್ದನ್ನು ಸರಿಪಡಿಸುವ ಸಿಲಿಂಡರ್ ಮೈನಸ್ 2. ಆಕ್ಸಿಸ್, ಅಂದರೆ ಆ ಸಿಲಿಂಡರನ್ನು ಕೂರಿಸುವ ದಿಕ್ಕು, ಮಾತ್ರ ಬೇರೆ. ಬಲಗಣ್ಣಿಗೆ 170 ಡಿಗ್ರಿ, ಎಡಗಣ್ಣಿಗೆ 10.

ಎರಡನೇ ಸಲ ಬಂದಾಗ ನಡೆದದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ಶನಿವಾರ ಸಂಜೆ. ಅಂಗಡಿಯಲ್ಲಿ ಏಳೆಂಟು ಜನ ಇದ್ದರು. ನಿಮ್ಮ ಹುಡುಗ ಕನ್ನಡಕವನ್ನು ಯಂತ್ರದಲ್ಲಿಟ್ಟು ಎರಡು ಸೆಕೆಂಡ್ ನೋಡಿ "ಪವರ್ ಕರೆಕ್ಟಾಗಿದೆ" ಅಂದ. "ಆಕ್ಸಿಸ್ ನೋಡಿದ್ರಾ?" ಅಂದೆ. "ಅದೆಲ್ಲ ಲ್ಯಾಬಲ್ಲೇ ಸೆಟ್ ಆಗಿ ಬರುತ್ತೆ, ಅದೇನೂ ದೊಡ್ಡದಲ್ಲ" ಅಂದ. ಚಾರ್ಟ್ ಓದಿಸಿದ. ನಾನು 6/12 ಸಾಲಿಗೆ ನಿಂತೆ. ಕಡ್ಡಿ ಮುರಿದ ಹಳೆಯ ಕನ್ನಡಕವನ್ನು ಮೂಗಿನ ಮೇಲೆ ಒತ್ತಿ ಹಿಡಿದು, ಅದಕ್ಕಿಂತ ಸಣ್ಣ ಅಕ್ಷರದ 6/6 ಸಾಲು ಪೂರ್ತಿ ಓದಿ ತೋರಿಸಿದೆ. "ಹಳೇದು ಅಭ್ಯಾಸ ಆಗಿರುತ್ತಲ್ವಾ" ಅಂದ.

ಆಗ ಮನೆಯಲ್ಲಿ ನಾನೇ ಕಂಡುಕೊಂಡಿದ್ದನ್ನು ಅವನಿಗೆ ತೋರಿಸಿದೆ. ಬಲಗಣ್ಣು ಮುಚ್ಚಿ, ಹೊಸ ಕನ್ನಡಕದ ಎಡ ಲೆನ್ಸನ್ನು ಎಡಗಣ್ಣಿನ ಮುಂದೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ಕಡೆಗೆ ಸ್ವಲ್ಪ ತಿರುಗಿಸಿದೆ. ಅಕ್ಷರಗಳು ಕಪ್ಪಗೆ, ಚೂಪಾಗಿ ಎದ್ದು ಬಂದವು. ಬಲಗಣ್ಣಿಗೆ ಅದರ ಎದುರು ಕಡೆಗೆ ತಿರುಗಿಸಿದೆ. ಅಲ್ಲೂ ಹಾಗೇ ಆಯಿತು. "ನೋಡಿ, ತಿರುಗಿಸಿದರೆ ಕಾಣಿಸುತ್ತೆ" ಅಂದೆ. ಅವನು ಪಕ್ಕದವನಿಗೆ ಕೇಳಿಸುವ ಹಾಗೆ "ಹಂಗಾದ್ರೆ ಮೇಡಂ ಕನ್ನಡಕ ಓರೆ ಇಟ್ಕೊಂಡೇ ಓಡಾಡಲಿ ಬಿಡಿ" ಅಂದ. ಅಲ್ಲಿದ್ದವರು ನಕ್ಕರು. ಒಂದು ಮಗು ಕೂಡ ನಕ್ಕಿತು. ನಾನು ಎರಡೂ ಕನ್ನಡಕ ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದೆ. ಬೀದಿ ದೀಪ ಹತ್ತಿತ್ತು. ಹೊಸ ಕನ್ನಡಕ ಹಾಕಿದರೆ ಒಂದೊಂದು ದೀಪದಿಂದಲೂ ಬೆಳಕು ಓರೆಯಾಗಿ ಎಳೆದುಕೊಂಡು ಹೋಗುತ್ತಿತ್ತು. ಬಸ್ಸಿನ ಬೋರ್ಡ್ ಓದಲಾಗದೆ ಪಕ್ಕದವರನ್ನು ಕೇಳಿ ಹತ್ತಿದೆ.

ಆಕ್ಸಿಸ್ ದೊಡ್ಡದಲ್ಲ ಅಂದ ಆ ಹುಡುಗನಿಗೆ ದಯವಿಟ್ಟು ಇದನ್ನು ಓದಿಸಿ. ನನ್ನಂಥವರ ಕಣ್ಣಿನ ಮುಂಭಾಗ ಚೆಂಡಿನ ಹಾಗೆ ಎಲ್ಲ ಕಡೆ ಒಂದೇ ಸಮ ಬಾಗಿರುವುದಿಲ್ಲ. ಊಟದ ಚಮಚದ ಬೆನ್ನಿನ ಹಾಗೆ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಬಾಗಿರುತ್ತದೆ. ಹಾಗಾಗಿ ಬೆಳಕು ಒಂದೇ ಕಡೆ ಕೂಡುವುದಿಲ್ಲ. ಚುಕ್ಕೆ ಚುಕ್ಕೆಯಾಗಿ ಕಾಣದೆ ಎಳೆದ ಹಾಗೆ ಕಾಣುತ್ತದೆ. ಈ ವ್ಯತ್ಯಾಸ ತುಂಬುವುದು ಸಿಲಿಂಡರ್. ಅದನ್ನು ಯಾವ ದಿಕ್ಕಿಗೆ ಕೂರಿಸಬೇಕು ಅಂತ ಹೇಳುವುದು ಆಕ್ಸಿಸ್. ಅದು 180ಕ್ಕೆ ಮುಗಿದು ಮತ್ತೆ 1ರಿಂದ ಶುರುವಾಗುತ್ತದೆ. ಹಾಗಾಗಿ 170ಕ್ಕೂ 10ಕ್ಕೂ ಇರುವ ಅಂತರ 20 ಡಿಗ್ರಿ. 30 ಡಿಗ್ರಿ ತಪ್ಪಿದರೆ ಸಿಲಿಂಡರ್ ಹಾಕಿಯೂ ಹಾಕದ ಲೆಕ್ಕ. 20 ತಪ್ಪಿದರೆ ಮೂರರಲ್ಲಿ ಎರಡು ಪಾಲು ದೋಷ ಕಣ್ಣಲ್ಲೇ ಉಳಿಯುತ್ತದೆ. ನನ್ನ ಪವರಿಗೆ ಎರಡು ಮೂರು ಡಿಗ್ರಿಗಿಂತ ಜಾಸ್ತಿ ತಪ್ಪಬಾರದು ಅನ್ನುವುದು ನಿಮ್ಮ ಕಸುಬಿನದೇ ನಿಯಮ. ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾರ್ಜ್ ಏರಿ ತಮ್ಮ ಎಡಗಣ್ಣಿನ ಇದೇ ದೋಷಕ್ಕೆ ಲೆನ್ಸ್ ಮಾಡಿಸಿಕೊಂಡಿದ್ದು 1825ರ ಸುಮಾರಿಗೆ. ಇನ್ನೂರು ವರ್ಷದಿಂದ ಗೊತ್ತಿರುವ ವಿದ್ಯೆ ಇದು.

ಹೋದ ಮಂಗಳವಾರ ಡಾಕ್ಟರ್ ಹತ್ತಿರವೇ ಕನ್ನಡಕ ಅಳೆಸಿದೆ. ಬಲಕ್ಕೆ 10, ಎಡಕ್ಕೆ 170. ಅದಲುಬದಲು. ಅಳೆಯಲು ಒಂದು ನಿಮಿಷವೂ ಆಗಲಿಲ್ಲ. ಆ ಒಂದು ನಿಮಿಷವನ್ನು ನೀವು ಇಷ್ಟು ದಿನದಲ್ಲಿ ನನಗೆ ಕೊಡಲಿಲ್ಲ.

ಚೀಟಿಯ ಪ್ರಕಾರ ಲೆನ್ಸ್ ಇಲ್ಲದಿದ್ದರೆ 30 ದಿನದೊಳಗೆ ಪೂರ್ತಿ ಹಣ ವಾಪಸ್ ಅಂತ ನಿಮ್ಮ ಬಿಲ್ಲಿನ ಹಿಂದೆಯೇ ಇದೆ. ನಾನು ಮೊದಲ ಸಲ ಬಂದು ಹೇಳಿದ್ದು ಒಂಬತ್ತನೇ ದಿನ. "30 ದಿನ ಆಗೋಯ್ತು" ಎನ್ನುವ ಉತ್ತರ ಬೇಡ. ಆ ದಿನಗಳನ್ನು ಕಳೆದವರು ನೀವು. ಹೊಸ ಲೆನ್ಸ್ ಹಾಕಿಕೊಡುತ್ತೇವೆ ಅಂದರೂ ಬೇಡ. ನನ್ನ ಕಣ್ಣನ್ನು ಇನ್ನೊಂದು ಸಲ ನಿಮ್ಮ ಕೈಗೆ ಕೊಡುವುದಿಲ್ಲ. ಕನ್ನಡಕಕ್ಕೆ ಕೊಟ್ಟ 4,850 ರೂಪಾಯಿ ಮತ್ತು ಪತ್ರಿಕೆ ಮರುಮುದ್ರಣಕ್ಕೆ ನನ್ನ ಸಂಬಳದಲ್ಲಿ ಹಿಡಿದ 3,200 ರೂಪಾಯಿ, ಎರಡೂ ಬರಬೇಕು.

ಏಳು ದಿನ ಕಾಯುತ್ತೇನೆ. ಎಂಟನೇ ದಿನ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೋಗುತ್ತದೆ. ಅಲ್ಲಿಗೂ ಮುಗಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಐದು ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ನಾನೇ ನಿಂತು ಮಾತಾಡುತ್ತೇನೆ. ಡಾಕ್ಟರ್ ಚೀಟಿ, ಅಳತೆಯ ಪ್ರಿಂಟ್, ನಾನು ಬಂದ ಮೂರೂ ದಿನದ ತಾರೀಖು, "ವದು" ಅಂತ ಅಚ್ಚಾದ ಒಂದು ಪತ್ರಿಕೆ, ಎಲ್ಲ ಒಂದು ಲಕೋಟೆಯಲ್ಲಿಟ್ಟಿದ್ದೇನೆ. ಆ ಕನ್ನಡಕವನ್ನೂ ತರುತ್ತೇನೆ. ಅಲ್ಲಿ ಅದನ್ನು ಹೇಗೆ ತಿರುಗಿಸಿ ಹಿಡಿದರೆ ಕಾಣಿಸುತ್ತದೆ ಅಂತ ಮತ್ತೆ ತೋರಿಸುತ್ತೇನೆ. ನಿಮ್ಮ ಆ ಹುಡುಗನನ್ನೂ ಕರೆದುಕೊಂಡು ಬನ್ನಿ.

ಇಂತಿ,
ನಿಮ್ಮ ಅಂಗಡಿಯಲ್ಲಿ ಒಂಬತ್ತು ವರ್ಷದಿಂದ ಕನ್ನಡಕ ಮಾಡಿಸುತ್ತಿದ್ದ ಗ್ರಾಹಕಿ