ಹುಲ್ಲಿನ ಮನೆಗೆ ಬೆಂಕಿಗಿಂತ ನೀರಿನ ಭಯ ಜಾಸ್ತಿ

ಮಾನ್ಯ ಸಂಪಾದಕರೇ,

ಒಣಹುಲ್ಲಿನ ಪೆಂಡಿ ಜೋಡಿಸಿ ಕಟ್ಟಿದ ಮನೆಗಳ ಬಗ್ಗೆ ಪತ್ರಿಕೆಗಳಲ್ಲಿ ಲೇಖನ ಬಂದಾಗಲೆಲ್ಲ ಓದುಗರು ಕೇಳುವುದು ಒಂದೇ ಪ್ರಶ್ನೆ: ಬೆಂಕಿ ಹತ್ತಿಕೊಂಡರೆ? ಭಯ ಸಹಜ ಬಿಡಿ. ಸಡಿಲ ಹುಲ್ಲು ಭಗ್ಗನೆ ಉರಿಯುವುದನ್ನು ನೋಡದವರು ಯಾರು? ಆದರೆ ಯಂತ್ರದಲ್ಲಿ ಒತ್ತಿ ಬಿಗಿದ ಪೆಂಡಿಯೊಳಗೆ ಗಾಳಿ ಅಷ್ಟಾಗಿ ಆಡುವುದಿಲ್ಲ, ಮೇಲೆ ಎರಡೂ ಕಡೆ ದಪ್ಪ ಗಿಲಾವು ಬೇರೆ. ಅಮೆರಿಕದಲ್ಲಿ 2006ರಲ್ಲಿ ಪರೀಕ್ಷೆ ಮಾಡಿದಾಗ ಮಣ್ಣಿನ ಗಿಲಾವಿನ ಗೋಡೆ ಒಂದು ಗಂಟೆ, ಸುಣ್ಣ-ಸಿಮೆಂಟ್ ಗಿಲಾವಿನ ಗೋಡೆ ಎರಡು ಗಂಟೆ ಬೆಂಕಿ ತಡೆದಿತ್ತು. ನಿಜವಾದ ಅಪಾಯ ಇರುವುದು ಕೆಲಸ ನಡೆಯುವಾಗ, ನೆಲದ ತುಂಬಾ ಹುಲ್ಲು ಚೆಲ್ಲಿರುತ್ತದೆ, ಪಕ್ಕದಲ್ಲೇ ಯಾರೋ ವೆಲ್ಡಿಂಗ್ ಮಾಡುತ್ತಿರುತ್ತಾರೆ!

ನನ್ನ ತಕರಾರು ಬೇರೆ. ನೀರಿನ ಬಗ್ಗೆ ಯಾರೂ ಕೇಳುವುದೇ ಇಲ್ಲ.

ಪೆಂಡಿಯ ತೇವಾಂಶ ಶೇ 20 ದಾಟಿ ಹಾಗೇ ಉಳಿದರೆ ಬೂಷ್ಟು ಹಿಡಿಯುತ್ತದೆ, ಆಮೇಲೆ ಒಳಗಿಂದಲೇ ಕೊಳೆಯುತ್ತದೆ. ಅದಕ್ಕೇ ಪಾಯ ನೆಲದಿಂದ ಎತ್ತರ ಇರಬೇಕು, ಸೂರು ಗೋಡೆಯಿಂದ ಸಾಕಷ್ಟು ಹೊರಗೆ ಚಾಚಿರಬೇಕು. ಗಟ್ಟಿ ಇರಲಿ ಅಂತ ಹೊರಗೆ ಬರೀ ಸಿಮೆಂಟ್ ಮೆತ್ತುವವರಿದ್ದಾರೆ. ಅದರಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಮಳೆ ನೀರು ಒಳಗೆ ಇಳಿಯುತ್ತದೆ, ಇಳಿದದ್ದು ಬೇಗ ಆರುವುದಿಲ್ಲ. ಮಣ್ಣು ಅಥವಾ ಸುಣ್ಣದ ಗಾರೆ ಆದರೆ ತೇವ ಆವಿಯಾಗಿ ಹೊರಗೆ ಹೋಗಲು ಬಿಡುತ್ತದೆ. ಮೊದಲ ಪದರವನ್ನು ತೆಳುವಾಗಿ ಕಲಸಿ, ಅಂಗೈಯಿಂದ ಒತ್ತಿ ಒತ್ತಿ ಹುಲ್ಲಿನ ಎಳೆಗಳ ಸಂದಿಗೆ ತುಂಬಬೇಕು, ಇಲ್ಲದಿದ್ದರೆ ಮೇಲಿನ ಗಿಲಾವು ಹಿಡಿಯುವುದಿಲ್ಲ, ಹಪ್ಪಳದಂತೆ ಎದ್ದು ಬರುತ್ತದೆ.

ಹೀಗೆ ಜೋಪಾನ ಮಾಡಿದರೆ ಬಾಳಿಕೆಗೆ ಮೋಸವಿಲ್ಲ. ಮರ ಸಿಗದ, ಅಮೆರಿಕದ ನೆಬ್ರಾಸ್ಕ ರಾಜ್ಯದ ಮರಳುಗುಡ್ಡಗಳಲ್ಲಿ ಶುರುವಾದ ಪದ್ಧತಿ ಇದು. ಅಲ್ಲಿನ ಆರ್ಥರ್ ಎಂಬ ಊರಲ್ಲಿ 1928ರಲ್ಲಿ ಪೆಂಡಿಗಳಿಂದಲೇ ಕಟ್ಟಿದ ಚರ್ಚು ಉಳಿದುಕೊಂಡಿದೆ. ಫ್ರಾನ್ಸಿನ ಮೊಂತಾರ್ಜಿ ಊರಿನಲ್ಲಿರುವ ಇಂಥದ್ದೇ ಒಂದು ಮನೆಗೆ ನೂರು ವರ್ಷ ದಾಟಿದೆ.

ಇನ್ನು ಇಂಥ ಮನೆಗಳಿಗೆ ಹಳೇ ಬಾಗಿಲು, ಕಿಟಕಿ, ತೊಲೆ ಬಳಸುವ ವಿಷಯ. ಒಳ್ಳೆಯದೇ, ಗೆದ್ದಲು ತಿಂದಿದೆಯಾ ನೋಡಿ ತಗೊಳ್ಳಿ. ಆದರೆ ಗೋಡೆ ಏಳುವ ಮೊದಲೇ ಕಿಟಕಿ ಕೈಯಲ್ಲಿರಲಿ. ಆಮೇಲೆ ಹುಡುಕಿದರೆ ಅದರ ಅಳತೆಗೆ ಪೆಂಡಿ ಬಿಚ್ಚಿ, ಚಿಕ್ಕದು ಮಾಡಿ, ಮತ್ತೆ ಕಟ್ಟುವ ಒದ್ದಾಟ. ಮಳೆ ನೀರು ಗೋಡೆಯೊಳಗೆ ಇಳಿಯುವುದು ಜಾಸ್ತಿ ಕಿಟಕಿಯ ಕೆಳಗಿನಿಂದಲೇ. ಹಳೇ ಚೌಕಟ್ಟು ಹೇಗೇ ಇರಲಿ, ಅದರ ಕೆಳಗೆ ಹೊರಕ್ಕೆ ಇಳಿಜಾರಾಗಿ ಒಂದು ಹಲಗೆಯೋ ಕಲ್ಲೋ ಬೇಕೇ ಬೇಕು.

ದನಗಳಿಗೆ ಮೇವಾಗುವ ಹುಲ್ಲನ್ನು ಗೋಡೆಗೆ ತುಂಬಿ, ಅದನ್ನೂ ನೂರಾರು ಕಿಲೋಮೀಟರ್ ಲಾರಿಯಲ್ಲಿ ತರಿಸಿ ಪರಿಸರಸ್ನೇಹಿ ಅಂದರೆ ನಗು ಬರುತ್ತದೆ, ಅಲ್ವಾ? ಹೊಲದಲ್ಲಿ ಸುಟ್ಟು ಹೋಗುತ್ತಿದ್ದ ಹುಲ್ಲಾದರೆ ಮಾತು ಬೇರೆ.

ಮುಂದಿನ ಸಲ ಇಂಥ ಮನೆಯ ಲೇಖನ ಹಾಕುವಾಗ ಅಂದದ ಫೋಟೊ ಜೊತೆ ಪಾಯದಿಂದ ಸೂರಿನ ತನಕ ಗೋಡೆಯ ಸೀಳುನೋಟದ ಚಿತ್ರವನ್ನೂ ದಯವಿಟ್ಟು ಅಚ್ಚು ಹಾಕಿ.

ಇಂತಿ,
ಒಬ್ಬ ಓದುಗ