ಮಗಳಿಗೊಂದು ಪತ್ರ: ಹಿಂದಿನ ಬ್ರೇಕ್ ಹಿಡಿಯುತ್ತಿಲ್ಲ ಎಂದೆಯಲ್ಲ

ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದು ಅರ್ಧ ಕೇಳಿಸಿತು, ಅರ್ಧ ಇಲ್ಲ. ತೋಟದ ನೆಟ್‌ವರ್ಕ್ ಗೊತ್ತಲ್ಲ. ಕೇಳಿಸಿದ್ದು ಇಷ್ಟು: ಎಟಿವಿಯ, ಅದೇ ನಮ್ಮ ತೋಟದ ನಾಲ್ಕು ಚಕ್ರದ ತೆರೆದ ಗಾಡಿಯ, ಹಿಂದಿನ ಬ್ರೇಕ್ ಮೆತ್ತಗಾಗಿದೆ, ಪೆಡಲ್ ಎರಡು ಮೂರು ಸಲ ಒತ್ತಿದರೆ ಸ್ವಲ್ಪ ಹಿಡಿಯುತ್ತದೆ, "ಹಾಗೇ ಓಡಿಸ್ತಾ ಇದೀನಿ ಅಮ್ಮ". ಆ ಕೊನೆಯ ಮಾತು ಕೇಳಿ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಮಂಡಿ ಆಪರೇಷನ್ ಆದಮೇಲೆ ಇನ್ನೂ ಮೂರು ವಾರ ಬೆಂಗಳೂರು ಬಿಡಬೇಡಿ ಎಂದಿದ್ದಾರೆ ಡಾಕ್ಟರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಗಾಡಿಯ ಕೀ ತೆಗೆದು ಮನೆಯೊಳಗೆ ಇಡು. ಗೊಬ್ಬರದ ಮೂಟೆ ಜೀಪಿನಲ್ಲಿ ಹೋಗಲಿ, ಇಲ್ಲದಿದ್ದರೆ ಎರಡು ದಿನ ತಡವಾಗಲಿ, ಏನೂ ಆಗುವುದಿಲ್ಲ.

ನಿನಗೆ ಇಲ್ಲಿಯವರೆಗೆ ಹೇಳಿರಲಿಲ್ಲ. ಎರಡು ವರ್ಷದ ಹಿಂದೆ ಆಗಸ್ಟ್‌ನಲ್ಲಿ, ಮಳೆ ನಾಲ್ಕು ದಿನ ಬಿಡುವು ಕೊಟ್ಟಿತ್ತು ಅಂತ ಗಿಡಗಳಿಗೆ ಬೋರ್ಡೋ ದ್ರಾವಣ ಹೊಡೆಸಲು ಮೈಲುತುತ್ತ, ಸುಣ್ಣದ ಚೀಲ ಹಿಂದೆ ಕಟ್ಟಿಕೊಂಡು ಕೆರೆ ಕಡೆಯ ಇಳಿಜಾರಿನಲ್ಲಿ ಬರುತ್ತಿದ್ದೆ. ಪೆಡಲ್ ಒತ್ತಿದೆ, ಹಿಡಿಯಲಿಲ್ಲ. ಗಾಬರಿಯಲ್ಲಿ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದೆ. ಒದ್ದೆ ಎಲೆಗಳ ಮೇಲೆ ಮುಂದಿನ ಚಕ್ರಗಳು ತಿರುಗುವುದನ್ನೇ ನಿಲ್ಲಿಸಿದವು. ಹ್ಯಾಂಡಲ್ ತಿರುಗಿಸಿದರೂ ಗಾಡಿ ನೇರವಾಗಿ ಜಾರಿಕೊಂಡು ಹೋಗಿ ಸಿಲ್ವರ್ ಮರಕ್ಕೆ ಒರಗಿ ನಿಂತಿತು. ಆ ಮರ ಇಲ್ಲದಿದ್ದರೆ ಮುಂದೆ ಕೆರೆಯೇ. ಮೊಣಕೈ ಸ್ವಲ್ಪ ತರಚಿತ್ತು ಅಷ್ಟೇ, ಆದರೆ ಅವತ್ತಿನಿಂದ ಇಳಿಜಾರಿನಲ್ಲಿ ಹಿಂದಿನ ಬ್ರೇಕ್ ಎಂದರೆ ಏನು ಅಂತ ನನಗೆ ಗೊತ್ತು.

ಅದಕ್ಕೂ ಒಂದು ತಿಂಗಳು ಮೊದಲು ಒಂದು ವರ್ಕ್‌ಶಾಪಿನಲ್ಲಿ ಹಿಂದಿನ ಬ್ರೇಕಿಗೆ ಹೊಸ ಪ್ಯಾಡ್, ಅಂದರೆ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ತುಂಡುಗಳನ್ನು, ಹಾಕಿಸಿದ್ದೆ! ದುಡ್ಡು ಕೊಟ್ಟಿದ್ದೆ. ಬಿಚ್ಚಿ ನೋಡಿದರೆ ಒಳಗಡೆಯ ಪ್ಯಾಡ್ ತಗಡಿನ ಹತ್ತಿರ ಬಂದಿದೆ, ಹೊರಗಡೆಯದು ಹೊಸದರಂತೆ ದಪ್ಪಗೆ ಕೂತಿದೆ. ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಆಚೀಚೆ ಜಾರಬೇಕಾದ ಪಿನ್ನು ಕೆಸರು, ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಪ್ಯಾಡನ್ನು ತಳ್ಳುವ ಪಿಸ್ಟನ್ ಇರುವುದು ಒಂದೇ ಕಡೆ ಅಲ್ವಾ? ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತಿದಾಗ ಕ್ಯಾಲಿಪರೇ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಳ್ಳಬೇಕು. ಪಿನ್ನು ಕಚ್ಚಿದರೆ ಒಂದೇ ಪ್ಯಾಡ್ ಕೆಲಸ ಮಾಡುತ್ತದೆ, ಬೇಗ ಸವೆಯುತ್ತದೆ, ಪೆಡಲ್ ಕೂಡ ಮೆತ್ತಗೆ ಅನ್ನಿಸುತ್ತದೆ. ಪ್ಯಾಡ್ ಹಾಕಿದವರು ಪಿನ್ನು ಮುಟ್ಟಿಯೇ ಇರಲಿಲ್ಲ. ಅದಕ್ಕೇ ಹೇಳುತ್ತೇನೆ, ಸುಮ್ನೆ ಹೊಸ ಪ್ಯಾಡ್ ತರಿಸಬೇಡ. ಕಾರಣ ಹುಡುಕು.

ಪೆಡಲ್ಲೇ ಅರ್ಧ ಹೇಳಿಬಿಡುತ್ತದೆ. ಗಾಡಿ ನಿಂತಿರುವಾಗ ಒತ್ತಿ ಹಾಗೇ ಹಿಡಿದುಕೋ. ನಿಧಾನವಾಗಿ ಕೆಳಗೆ ಇಳಿಯುತ್ತಾ ಹೋದರೆ ಎಲ್ಲೋ ಬ್ರೇಕ್ ಆಯಿಲ್ ಸೋರುತ್ತಿದೆ, ಇಲ್ಲವೇ ಪೆಡಲ್ ಒತ್ತಿದಾಗ ಆಯಿಲನ್ನು ಪೈಪಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಹೋಗಿದೆ. ಅದನ್ನು ನೀನು ಬಿಚ್ಚಬೇಡ, ಸಕಲೇಶಪುರದಿಂದ ಮೆಕ್ಯಾನಿಕ್ ಬರಲಿ. ಪೆಡಲ್ ಕಲ್ಲಿನಂತೆ ಗಟ್ಟಿಯಿದ್ದೂ ಗಾಡಿ ನಿಲ್ಲದಿದ್ದರೆ ಪ್ಯಾಡಿಗೆ ಗ್ರೀಸು, ಎಣ್ಣೆ ತಾಗಿರಬಹುದು ಅಥವಾ ಪಿಸ್ಟನ್ ಕಚ್ಚಿರಬಹುದು. ನೀನು ಹೇಳಿದ ಹಾಗೆ ಮೆತ್ತಗಿದ್ದು, ಒತ್ತಿ ಒತ್ತಿ ಬಿಟ್ಟರೆ ಮೇಲೆ ಬರುವುದಾದರೆ ಪೈಪಿನಲ್ಲಿ ಗಾಳಿ ಸೇರಿದೆ, ಅಥವಾ ಪ್ಯಾಡಿಗೂ ಡಿಸ್ಕಿಗೂ ಸಂದು ಜಾಸ್ತಿಯಾಗಿದೆ.

ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ ತಕ್ಷಣ ತುಂಬಿಸಬೇಡ. ಪ್ಯಾಡ್ ಸವೆದಷ್ಟೂ ಪಿಸ್ಟನ್ ಹೊರಗೆ ಬರುತ್ತದೆ, ಆ ಜಾಗಕ್ಕೆ ಆಯಿಲ್ ಹೋಗುತ್ತದೆ. ಅಂದರೆ ಮಟ್ಟ ಇಳಿದಿದೆ ಎಂದರೆ ಮೊದಲು ಪ್ಯಾಡ್ ನೋಡು, ಆಮೇಲೆ ಎಲ್ಲಾದರೂ ಒದ್ದೆ ಇದೆಯಾ ನೋಡು.

ಗಾಡಿಯನ್ನು ಕಣದಲ್ಲಿ ನಿಲ್ಲಿಸು, ಸಮತಟ್ಟಾಗಿದೆ. ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡು. ಬರೀ ಜಾಕ್ ನಂಬಿ ಕೈ ಹಾಕಬೇಡ, ಕೆಳಗೆ ಸ್ಟ್ಯಾಂಡ್ ಕೊಡಲೇಬೇಕು. ಕೆಸರು ಚೆನ್ನಾಗಿ ತೊಳೆದು ಕ್ಯಾಲಿಪರ್ ಬಿಚ್ಚು. ಅದನ್ನು ಪೈಪಿನ ಮೇಲೆ ನೇತಾಡಲು ಬಿಡಬೇಡ, ತಂತಿಯಲ್ಲಿ ಮೇಲೆ ಕಟ್ಟು. ಪ್ಯಾಡಿನಲ್ಲಿ ಒಂದು ಮಿಲಿಮೀಟರ್ ಹತ್ತಿರ ಉಳಿದಿದ್ದರೆ ಅದರ ಕಥೆ ಮುಗಿಯಿತು, ಎರಡೂ ಬದಲಿಸು. ಪಿನ್ನನ್ನು ಬೆರಳಿನಲ್ಲೇ ಎಳೆದು ನೋಡು. ಸಲೀಸಾಗಿ ಜಾರಬೇಕು. ಜಾರದಿದ್ದರೆ ಹೊರಗೆ ತೆಗೆದು, ನಯವಾದ ಎಮರಿ ಪೇಪರಿನಲ್ಲಿ ತುಕ್ಕು ತೆಗೆದು, ಒರೆಸಿ, ಬ್ರೇಕಿಗೆಂದೇ ಬರುವ ಸಿಲಿಕಾನ್ ಗ್ರೀಸ್ ತೆಳ್ಳಗೆ ಹಚ್ಚು. ಟ್ರ್ಯಾಕ್ಟರಿಗೆ ಹೊಡೆಯುವ ಗ್ರೀಸ್ ಬೇಡವೇ ಬೇಡ, ರಬ್ಬರ್ ಊದಿಕೊಂಡು ಪಿನ್ನು ಮತ್ತೆ ಕಚ್ಚುತ್ತದೆ. ಪಿನ್ನಿನ ರಬ್ಬರ್ ಟೋಪಿ ಹರಿದಿದ್ದರೆ ಹೊಸದು ಹಾಕು, ಕೆಸರು ಒಳಗೆ ಹೋಗುವುದು ಅಲ್ಲಿಂದಲೇ.

ಹೊಸ ಪ್ಯಾಡಿಗೆ ಜಾಗ ಮಾಡಲು ಪಿಸ್ಟನ್ನನ್ನು ಹಿಂದಕ್ಕೆ ತಳ್ಳುವ ಮೊದಲು ಅದರ ಸುತ್ತ ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜು. ಕೊಳೆ ಸಮೇತ ತಳ್ಳಿದರೆ ಒಳಗಿನ ಸೀಲಿಗೆ ಗೀರು ಬೀಳುತ್ತದೆ. ತಳ್ಳುವಾಗ ಡಬ್ಬಿಯಲ್ಲಿ ಆಯಿಲ್ ಮೇಲೆ ಬರುತ್ತದೆ, ಉಕ್ಕದ ಹಾಗೆ ನೋಡಿಕೋ. ಪೇಂಟಿನ ಮೇಲೆ ಬಿದ್ದರೆ ಪೇಂಟ್ ಎದ್ದು ಬರುತ್ತದೆ. ಪಕ್ಕದಲ್ಲಿ ಒಂದು ಬಕೆಟ್ ನೀರಿರಲಿ.

ಪ್ಯಾಡು, ಕ್ಯಾಲಿಪರ್ ವಾಪಸ್ ಕೂರಿಸಿದ ಮೇಲೆ, ಇನ್ನು ಪೈಪಿನ ಗಾಳಿ ತೆಗೆಯುವುದು. ಇದಕ್ಕೆ ಇಬ್ಬರು ಬೇಕು, ತೋಟದ ಲೆಕ್ಕ ಬರೆಯುವ ರೈಟರ್ ಮಗನನ್ನು ಕರೆ, ಅವನು ಸಮಾಧಾನದ ಹುಡುಗ. ಉದ್ದ ಪೈಪಿರುವ ಕಡೆಯ ಚಕ್ರದಿಂದ ಶುರು ಮಾಡು. ಕ್ಯಾಲಿಪರಿನಲ್ಲಿ ಗಾಳಿ ಬಿಡಲೆಂದೇ ಇರುವ ಸಣ್ಣ ತಿರುಪು ನಿಪ್ಪಲ್ಲಿಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲ್ ಹಾಕಿದ ಬಾಟಲಿಯೊಳಗೆ ಮುಳುಗಿಸು. "ಒತ್ತು" ಎನ್ನು, ಅವನು ಒತ್ತಿ ಹಿಡಿಯಲಿ. ನಿಪ್ಪಲ್ ಕಾಲು ಸುತ್ತು ಬಿಚ್ಚು, ಗುಳ್ಳೆ ಬರುತ್ತದೆ, ಮುಚ್ಚು. ಮುಚ್ಚಿದ ಮೇಲೇ "ಬಿಡು" ಎನ್ನಬೇಕು. ಮೊದಲೇ ಬಿಟ್ಟರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ, ಮಾಡಿದ್ದೆಲ್ಲ ದಂಡ. ಮಧ್ಯೆ ಮಧ್ಯೆ ಡಬ್ಬಿ ನೋಡುತ್ತಿರು, ಖಾಲಿಯಾಗಲು ಬಿಡಬೇಡ. ಮೊದಮೊದಲು ಬರುವ ಆಯಿಲ್ ಕಾಫಿ ಡಿಕಾಕ್ಷನ್ ಥರ ಇರುತ್ತದೆ. ತಿಳಿಜೇನಿನ ಬಣ್ಣ ಬಂದು ಗುಳ್ಳೆ ನಿಲ್ಲುವವರೆಗೂ ಮಾಡು.

ಡಬ್ಬಿಯ ಮುಚ್ಚಳದ ಮೇಲೆ ಡಾಟ್ 4 ಎಂದು ಬರೆದಿದೆ, ಅದು ಬ್ರೇಕ್ ಆಯಿಲಿನ ದರ್ಜೆ, ಅದನ್ನೇ ತರಿಸು, ಸೀಲ್ ಒಡೆಯದ ಬಾಟಲಿ. ಶೆಡ್ಡಿನಲ್ಲಿ ಹೋದ ವರ್ಷದ ಅರ್ಧ ಬಾಟಲಿ ಇದೆ, ಬಳಸಬೇಡ. ಈ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ, ನಮ್ಮ ಮಳೆಗಾಲ ಹೇಗೆ ಅಂತ ನಿನಗೇ ಗೊತ್ತು. ಹೊಸ ಡಾಟ್ 4 ಕುದಿಯಲು ಕಡಿಮೆಯೆಂದರೂ 230 ಡಿಗ್ರಿ ಬೇಕು, ನೀರು ಸೇರಿದ್ದು 155ರ ಆಸುಪಾಸಿನಲ್ಲೇ ಕುದಿಯಬಹುದು. ಉದ್ದ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಒಳಗೆ ಆವಿಯಾದರೆ ಪೆಡಲ್ ಖಾಲಿ ಖಾಲಿ. ಅದಕ್ಕೇ ಇಳಿಯುವಾಗ ಲೋ ಗೇರಿಗೆ ಹಾಕು, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬರಬೇಡ.

ಎಲ್ಲ ಜೋಡಿಸಿದ ಮೇಲೆ ಡಿಸ್ಕನ್ನು ಬ್ರೇಕ್ ಕ್ಲೀನರಿನಲ್ಲಿ ಒರೆಸಿ, ಗಾಡಿ ಹತ್ತುವ ಮೊದಲೇ ಪೆಡಲ್ ಗಟ್ಟಿಯಾಗುವವರೆಗೆ ಒತ್ತು. ಕಣದಲ್ಲೇ ನಿಧಾನವಾಗಿ ಓಡಿಸಿ ನಿಲ್ಲಿಸಿ, ಓಡಿಸಿ ನಿಲ್ಲಿಸಿ, ಹತ್ತಿಪ್ಪತ್ತು ಸಲ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಬೇಕು. ಆಮೇಲೆ ಮೂಟೆ ಇಲ್ಲದೆ ಕೆಲಸದವರ ಲೈನ್ ಮನೆ ಹತ್ತಿರದ ಸಣ್ಣ ಇಳಿಜಾರಿಗೆ ಹೋಗಿ ನೋಡು. ಕೆರೆ ಕಡೆ ನಾನು ಬರುವವರೆಗೂ ಬೇಡ.

ಬಿಚ್ಚಿದ ಹಳೇ ಪ್ಯಾಡುಗಳನ್ನು ಬಿಸಾಡಬೇಡ. ಒಳಗಿನದು ಯಾವುದು, ಹೊರಗಿನದು ಯಾವುದು ಅಂತ ಬರೆದು ಕಾಗದದಲ್ಲಿ ಸುತ್ತಿಡು. ಫೋಟೋ ತೆಗೆದು ಸಂಜೆ ಮನೆಯ ವೈಫೈ ಸಿಕ್ಕಾಗ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ
ಅಮ್ಮ